ಟ್ಯಾಬು ಕೊಟ್ಟರಷ್ಟೇ ಸಾಲದು

ಬೆಂಗಳೂರಿನಿಂದಲೋ ಹೊರದೇಶದಿಂದಲೋ ಊರಿಗೆ ಬರುವ ಮಕ್ಕಳು ತಂದೆತಾಯಿಯರಿಗೆಂದು ತರುವ ಉಡುಗೊರೆಗಳಲ್ಲಿ ಈಚಿನ ವರ್ಷಗಳಲ್ಲಿ ಟ್ಯಾಬ್ಲೆಟ್ ಗಣಕವೂ ಸೇರಿದೆ. ನಮ್ಮ ಮಾಕವಳ್ಳಿಯಂಥ ಊರಿನಲ್ಲಿಯೂ ಅದೀಗ ಅಪರೂಪದ ವಸ್ತುವಲ್ಲ. ಜನ ಅದನ್ನು 'ಟ್ಯಾಬು' ಎನ್ನುತ್ತಾರೆ. ನಾನೂ ಹಾಗೆಯೇ ಕರೆಯುತ್ತೇನೆ. ಆದರೆ ತಂದವರು ನಾಲ್ಕು ದಿನವಿದ್ದು ಹೊರಟುಹೋದ ಮೇಲೆ ಆ ಟ್ಯಾಬಿನ ಗತಿ ಏನಾಗುತ್ತದೆ? ಒಂದೋ ಅದು ಬಟ್ಟೆಯಲ್ಲಿ ಸುತ್ತಿಸಿಕೊಂಡು ಬೀರುವನ್ನು ಸೇರುತ್ತದೆ, ಇಲ್ಲವೇ ಮೊಮ್ಮಕ್ಕಳ ಕೈಗೆ ಸಿಕ್ಕಿ ಆಟದ ಪೆಟ್ಟಿಗೆಯಾಗುತ್ತದೆ. ಯಾರಿಗಾಗಿ ತಂದರೋ ಅವರು ಮಾತ್ರ ಅದನ್ನು ದೂರದಿಂದ ನೋಡುತ್ತಾ, "ಮುಟ್ಟಿದರೆ ಎಲ್ಲಿ ಕೆಟ್ಟುಹೋಗುತ್ತದೋ" ಎಂದು ಸುಮ್ಮನಿರುತ್ತಾರೆ.

ಇದರಲ್ಲಿ ಹಿರಿಯರ ದೋಷವಿಲ್ಲ, ಯಂತ್ರದ ದೋಷವೂ ಇಲ್ಲ. ಬಳಸುವುದನ್ನು ಹೇಳಿಕೊಡದೆ ವಸ್ತುವನ್ನಷ್ಟೇ ಕೊಟ್ಟು ಕೈತೊಳೆದುಕೊಳ್ಳುವುದು ಅರ್ಧ ಉಡುಗೊರೆ ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಉಳಿದ ಅರ್ಧಕ್ಕೆ ಹಣ ಬೇಕಿಲ್ಲ; ಪಕ್ಕದಲ್ಲಿ ಕುಳಿತು ಹೇಳಿಕೊಡುವ ಎರಡು ಮೂರು ಗಂಟೆಗಳ ಸಮಾಧಾನ ಸಾಕು.

"ಈ ವಯಸ್ಸಿನಲ್ಲಿ ಅವರಿಗೆ ಇದೆಲ್ಲ ಬರುವುದೇ?" ಎಂದು ಕೇಳುವವರಿದ್ದಾರೆ. 1957ರ ಏಪ್ರಿಲ್ 1ರಂದು ನಯಾಪೈಸೆ ಜಾರಿಗೆ ಬಂದಾಗ ನಮ್ಮ ಹಿಂದಿನ ತಲೆಮಾರಿನವರು ರೂಪಾಯಿಗೆ ಹದಿನಾರಾಣೆ ಎಂಬ ಜೀವಮಾನದ ಲೆಕ್ಕವನ್ನು ಬಿಟ್ಟು ನೂರು ಪೈಸೆಯ ಲೆಕ್ಕಕ್ಕೆ ಹೊಂದಿಕೊಂಡರು. ಸೇರು ಹೋಗಿ ಕಿಲೋ ಬಂದಾಗಲೂ ಕಲಿತರು. ಅವರಲ್ಲಿ ಅನೇಕರು ಶಾಲೆಯ ಮೆಟ್ಟಿಲನ್ನೇ ಹತ್ತದವರು. ದಿನವೂ ಉಪಯೋಗಕ್ಕೆ ಬರುವುದನ್ನು ಮನುಷ್ಯ ಯಾವ ವಯಸ್ಸಿನಲ್ಲಾದರೂ ಕಲಿಯುತ್ತಾನೆ. ಉಪಯೋಗ ಕಾಣದ್ದನ್ನು ಹರೆಯದಲ್ಲಿಯೂ ಕಲಿಯುವುದಿಲ್ಲ. ತರಗತಿಯಲ್ಲಿ ಕಳೆದ ವರ್ಷಗಳು ನನಗೆ ಕಲಿಸಿದ ಪಾಠವಿದು.

ಈ ಸತ್ಯವನ್ನು ನಮ್ಮ ಬೆಂಗಳೂರಿನವರೇ ಬಹಳ ಹಿಂದೆ ಕಂಡುಕೊಂಡಿದ್ದರೆಂಬುದು ಇಂದಿನ ಎಳೆಯರಲ್ಲಿ ಅನೇಕರಿಗೆ ತಿಳಿಯದು. ಭಾರತೀಯ ವಿಜ್ಞಾನ ಸಂಸ್ಥೆಯ ಕೆಲವು ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಎಂಬ ಸಂಸ್ಥೆಯ ತಂತ್ರಜ್ಞರು ಸೇರಿ 2001ರಲ್ಲಿ 'ಸಿಂಪ್ಯೂಟರ್' ಎಂಬ ಅಂಗೈಯಗಲದ ಗಣಕವನ್ನು ಲೋಕದ ಮುಂದಿಟ್ಟರು. ಸರಳ, ಅಗ್ಗ, ಬಹುಭಾಷೆಯ, ಜನರ ಗಣಕ ಎಂಬುದು ಆ ಹೆಸರಿನ ಭಾವ. ಪರದೆಯನ್ನು ಮುಟ್ಟಿ ನಡೆಸಬಹುದಾಗಿದ್ದ ಅದು ಅಕ್ಷರ ಬಾರದವರಿಗಾಗಿ ನಮ್ಮ ಭಾಷೆಗಳಲ್ಲಿ ಓದಿ ಹೇಳಬೇಕು, ಒಂದೇ ಯಂತ್ರವನ್ನು ಊರಿನ ಹಲವರು ಹಂಚಿಕೊಂಡು ಬಳಸುವಂತಿರಬೇಕು ಎಂಬುದು ಅದನ್ನು ರೂಪಿಸಿದವರ ಆಶಯವಾಗಿತ್ತು. ಐಪ್ಯಾಡ್ ಮಾರುಕಟ್ಟೆಗೆ ಬಂದದ್ದು 2010ರಲ್ಲಿ ಎಂಬುದನ್ನು ನೆನೆದರೆ ಇವರ ಮುಂದಾಲೋಚನೆ ಎಂಥದೆಂದು ತಿಳಿಯುತ್ತದೆ. ವ್ಯಾಪಾರದ ದೃಷ್ಟಿಯಿಂದ ಸಿಂಪ್ಯೂಟರ್ ಗೆಲ್ಲಲಿಲ್ಲ. ಆದರೆ ಯಂತ್ರವು ಜನರ ಭಾಷೆಗೆ ಬರಬೇಕೇ ಹೊರತು ಜನರು ಯಂತ್ರದ ಭಾಷೆಗೆ ಹೋಗಬಾರದು ಎಂಬ ಅದರ ತತ್ವ ಸೋತಿಲ್ಲ. ಅವರು ಬಯಸಿದ್ದೆಲ್ಲವೂ ಇಂದಿನ ಸಾಮಾನ್ಯ ಟ್ಯಾಬಿನಲ್ಲಿದೆ. ಆದರೂ ನಾವು ಅದನ್ನು ಇಂಗ್ಲಿಷಿನಲ್ಲಿಯೇ ಬಿಟ್ಟು ಹಿರಿಯರ ಕೈಗಿಡುತ್ತೇವೆ. ಇದಕ್ಕಿಂತ ವಿಷಾದದ ಸಂಗತಿ ಬೇರೆ ಬೇಕೆ?

ಆದ್ದರಿಂದ ಪಕ್ಕದಲ್ಲಿ ಕುಳಿತು ಮಾಡಿಕೊಡಬೇಕಾದ ಕೆಲವು ಸಣ್ಣ ಕೆಲಸಗಳನ್ನು ಇಲ್ಲಿ ಹೇಳಬಯಸುತ್ತೇನೆ.

ಮೊದಲನೆಯದು ಭಾಷೆ ಮತ್ತು ಅಕ್ಷರದ ಗಾತ್ರ. ಆಂಡ್ರಾಯ್ಡ್ ಟ್ಯಾಬಾದರೆ ಸೆಟ್ಟಿಂಗ್ಸ್‌ಗೆ ಹೋಗಿ ಇಡೀ ಯಂತ್ರದ ಭಾಷೆಯನ್ನೇ ಕನ್ನಡಕ್ಕೆ ಬದಲಿಸಬಹುದು. ಅನಂತರ ಅಕ್ಷರವನ್ನು ದೊಡ್ಡದು ಮಾಡಿರಿ. ಇಂಗ್ಲಿಷಿಗೆ ಸಾಕಾಗುವ ಗಾತ್ರ ಕನ್ನಡಕ್ಕೆ ಸಾಲದು. ನಮ್ಮಲ್ಲಿ ಒತ್ತಕ್ಷರ ಕೆಳಗೆ ಕೂರುತ್ತದೆ, ಗುಡಿಸು ಮೇಲೆ ಕೂರುತ್ತದೆ. ಅಕ್ಷರ ಸಣ್ಣದಾದರೆ ಇವೆರಡೂ ಮೊದಲು ಮಸುಕಾಗುತ್ತವೆ. "ಕಣ್ಣು ಕಾಣುವುದಿಲ್ಲ" ಎಂದು ಟ್ಯಾಬನ್ನು ಬದಿಗಿಟ್ಟ ಎಷ್ಟೋ ಜನರಿಗೆ ಬೇಕಾದದ್ದು ಇಷ್ಟೇ.

ಎರಡನೆಯದು ಬರವಣಿಗೆ. ಕನ್ನಡ ಕೀಲಿಮಣೆಯನ್ನು ಅಳವಡಿಸಿಕೊಡಿರಿ. 'ನುಡಿ' ತಂತ್ರಾಂಶದಲ್ಲಿ ಕೈಪಳಗಿದವರಿಗೆ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆ ಒಗ್ಗುತ್ತದೆ. ಟೈಪು ಮಾಡಲು ಬಾರದವರಿಗೆ ಎರಡು ದಾರಿಗಳಿವೆ. ಗೂಗಲ್ಲಿನ ಕೀಲಿಮಣೆಯಲ್ಲಿ ಬೆರಳಿನಿಂದ ಪರದೆಯ ಮೇಲೆ ಅಕ್ಷರ ಬರೆದರೆ ಅದು ಅಚ್ಚಿನ ಅಕ್ಷರವಾಗುತ್ತದೆ. ಸ್ಲೇಟು ಬಳಪ ಹಿಡಿದು ಅಕ್ಷರ ತಿದ್ದಿದ ತಲೆಮಾರಿಗೆ ಇದಕ್ಕಿಂತ ಸಹಜವಾದದ್ದು ಯಾವುದಿದೆ? ಇನ್ನೊಂದು, ಮಾತನ್ನು ಬರಹವಾಗಿಸುವ ಸೌಲಭ್ಯ. 2017ರಿಂದ ಇದು ಕನ್ನಡಕ್ಕೂ ದೊರೆತಿದೆ. ಮೈಕಿನ ಗುರುತನ್ನು ಒತ್ತಿ ನಿಧಾನವಾಗಿ ಮಾತನಾಡಿದರೆ ಸಾಲುಗಳು ಮೂಡುತ್ತವೆ. ಅಂತರಜಾಲ ಸಂಪರ್ಕ ಚೆನ್ನಾಗಿದ್ದಾಗ ಮಾಡುವುದು ಒಳ್ಳೆಯದು. ನಮ್ಮ ಮಂಡ್ಯದ ಆಡುಮಾತು ಅದಕ್ಕೆ ಕೆಲವೊಮ್ಮೆ ತಿಳಿಯದೆ ತಪ್ಪು ಬರೆಯುತ್ತದೆ. ಆಗ ನಕ್ಕು ತಿದ್ದಿದರಾಯಿತು.

ಮೂರನೆಯದು ಓದು. ಮೈಸೂರಿನ ಭಾರತೀಯ ಭಾಷಾ ಸಂಸ್ಥಾನದ 'ಭಾರತವಾಣಿ'ಯಲ್ಲಿ ನಿಘಂಟುಗಳಿವೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಸಿದ್ಧಪಡಿಸಿದ, ಒಂದೂವರೆ ಲಕ್ಷದಷ್ಟು ಪದಗಳ ಕನ್ನಡ–ಇಂಗ್ಲಿಷ್ ನಿಘಂಟು 'ಅಲರ್' ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ಲಭ್ಯವಿದೆ. ಇಂಟರ್ನೆಟ್ ಆರ್ಕೈವ್ ಎಂಬ ಜಾಲತಾಣದಲ್ಲಿ ಸಾವಿರಾರು ಹಳೆಯ ಕನ್ನಡ ಪುಸ್ತಕಗಳ ಪುಟಚಿತ್ರಗಳಿವೆ. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡ 60 ವರ್ಷಗಳ ಬಳಿಕ ಕೃತಿಯ ಹಕ್ಕು ಮುಗಿಯುತ್ತದೆ. ಹಾಗಾಗಿ 1946ರಲ್ಲಿ ನಿಧನರಾದ, ನೆರೆಯ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಬಿ.ಎಂ.ಶ್ರೀ. ಅವರ ಕೃತಿಗಳನ್ನು ಯಾವ ಅಳುಕೂ ಇಲ್ಲದೆ ಇಳಿಸಿಕೊಂಡು ಓದಬಹುದು. ನಮ್ಮ ತಾಲ್ಲೂಕಿನವರೇ ಆದ ಕಿಕ್ಕೇರಿಯ ಕೆ.ಎಸ್. ನರಸಿಂಹಸ್ವಾಮಿ, ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾವ್ ಇವರ ಪುಸ್ತಕಗಳನ್ನಾದರೋ ಕೊಂಡು ಓದುವುದೇ ಧರ್ಮ. ಪುಸ್ತಕದ ಪುಟವನ್ನು ಓದುವಾಗ ಟ್ಯಾಬನ್ನು ಅಡ್ಡಲಾಗಿ ಹಿಡಿದರೆ ಸಾಲು ಅಗಲವಾಗಿ ಕಾಣುತ್ತದೆ. ಸಂಪರ್ಕ ಚೆನ್ನಾಗಿರುವಾಗಲೇ ನಾಲ್ಕಾರು ಪುಸ್ತಕಗಳನ್ನೂ ಹಾಡುಗಳನ್ನೂ ಇಳಿಸಿಟ್ಟುಕೊಟ್ಟರೆ, ಮಳೆಗಾಲದಲ್ಲಿ ಸಂಪರ್ಕ ಕಡಿದಾಗಲೂ ಅವು ಕೈಗೆ ಸಿಗುತ್ತವೆ.

ನಾಲ್ಕನೆಯದು ಕಣ್ಣಿಗೆ ನೆರವು. ಟ್ಯಾಬಿನ ಕ್ಯಾಮೆರಾ ಒಂದು ಒಳ್ಳೆಯ ಭೂತಕನ್ನಡಿ. ಮಾತ್ರೆಯ ಪಟ್ಟಿಯ ಮೇಲಿನ ಸಣ್ಣ ಅಕ್ಷರದ ಫೋಟೋ ತೆಗೆದು ಎರಡು ಬೆರಳಿನಿಂದ ಹಿಗ್ಗಿಸಿದರೆ ಔಷಧದ ಹೆಸರೂ ಅವಧಿ ಮುಗಿಯುವ ದಿನಾಂಕವೂ ಸ್ಪಷ್ಟವಾಗಿ ಕಾಣುತ್ತವೆ. ತೆರೆಯ ಮೇಲಿನ ಬರಹವನ್ನು ಗಟ್ಟಿಯಾಗಿ ಓದಿಸುವ ಸೌಲಭ್ಯವೂ ಸೆಟ್ಟಿಂಗ್ಸ್‌ನಲ್ಲಿದೆ. ಅದನ್ನು ಕನ್ನಡಕ್ಕೆ ಹೊಂದಿಸಿಕೊಡಿರಿ. ಹಾಗೆಯೇ, 'ಭೂಮಿ' ಜಾಲತಾಣದಲ್ಲಿ ಜಮೀನಿನ ಪಹಣಿಯನ್ನು ಮನೆಯಲ್ಲೇ ನೋಡುವುದನ್ನು ತೋರಿಸಿಕೊಡಿರಿ. ತನ್ನ ಸರ್ವೆ ನಂಬರನ್ನು ತಾನೇ ಹುಡುಕಿ ಕಂಡ ರೈತನಿಗೆ ಟ್ಯಾಬಿನ ಬಗ್ಗೆ ಬೇರೆ ಉಪದೇಶ ಬೇಕಾಗದು.

ಐದನೆಯದು ಯಂತ್ರದ ಆರೈಕೆ. ಟ್ಯಾಬಿನೊಳಗಿರುವುದು ಲಿಥಿಯಂ ಬ್ಯಾಟರಿ. ಪೂರ್ತಿ ಖಾಲಿಯಾದದ್ದನ್ನು ತಿಂಗಳುಗಟ್ಟಲೆ ಬೀರುವಿನಲ್ಲಿಟ್ಟರೆ ಅದು ಮತ್ತೆ ಏಳದೆ ಹೋಗಬಹುದು. ಬಳಸದಿದ್ದರೂ ಆಗಾಗ ಅರ್ಧದಷ್ಟಾದರೂ ಚಾರ್ಜು ಮಾಡಬೇಕು. ಬಿಸಿ ಅದರ ಶತ್ರು. ದಿಂಬಿನ ಕೆಳಗೆ, ಬಿಸಿಲು ಬೀಳುವ ಕಿಟಕಿಯಲ್ಲಿ ಇಟ್ಟು ಚಾರ್ಜು ಮಾಡಬಾರದು. ಜೋಪಾನವೆಂದು ಬಟ್ಟೆ ಸುತ್ತಿಡುವುದಕ್ಕಿಂತ ದಿನವೂ ಬಳಸುವುದೇ ಅದಕ್ಕೆ ಹೆಚ್ಚು ಕ್ಷೇಮ. ಮೊಮ್ಮಕ್ಕಳ ವಿಚಾರಕ್ಕೂ ಉಪಾಯವಿದೆ. ಅನೇಕ ಆಂಡ್ರಾಯ್ಡ್ ಟ್ಯಾಬುಗಳಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಖಾತೆ ತೆರೆಯಬಹುದು. ತಾತನ ಪುಸ್ತಕ ತಾತನಿಗೆ, ಮೊಮ್ಮಗನ ಆಟ ಮೊಮ್ಮಗನಿಗೆ.

ಆರನೆಯದು ಎಚ್ಚರಿಕೆ. ಇದನ್ನು ಹೇಳಿಕೊಡದೆ ಟ್ಯಾಬು ಕೊಡುವುದು, ಈಜು ಕಲಿಸದೆ ನಾಲೆಗೆ ಇಳಿಸಿದಂತೆ. ಬ್ಯಾಂಕಿನವರೆಂದೋ ಪೊಲೀಸರೆಂದೋ ಹೇಳಿಕೊಂಡು ಯಾರೇ ಕರೆ ಮಾಡಿ ಓಟಿಪಿ ಕೇಳಿದರೂ ಕೊಡಬಾರದು. ವಿಡಿಯೋ ಕರೆಯಲ್ಲಿ ಬಂಧಿಸುತ್ತೇವೆಂದು ಹೆದರಿಸಿದರೆ ಅದು ಮೋಸವೇ. ಅಂಥ ಬಂಧನ ನಮ್ಮ ಕಾನೂನಿನಲ್ಲಿ ಇಲ್ಲ. ಹಣ ಹೋಯಿತೆಂದು ತಿಳಿದ ಕೂಡಲೇ 1930 ಎಂಬ ಸಂಖ್ಯೆಗೆ ಕರೆ ಮಾಡಬೇಕು. ತಡವಾದಷ್ಟೂ ಹಣ ಮರಳುವ ಆಸೆ ಕ್ಷೀಣಿಸುತ್ತದೆ. ಈ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಟ್ಯಾಬಿನ ಬೆನ್ನಿಗೇ ಅಂಟಿಸಿರಿ.

ಇಷ್ಟಾದರೆ ಟ್ಯಾಬು ನೋಡುವ, ಕೇಳುವ, ಓದುವ ಸಾಧನವಾಯಿತು. ನನ್ನ ಆಸೆ ಇದಕ್ಕಿಂತ ಒಂದು ಹೆಜ್ಜೆ ಮುಂದಿನದು. ನಮ್ಮ ಹಿರಿಯರ ಬಳಿ ಇರುವುದನ್ನು ಆ ಯಂತ್ರದೊಳಕ್ಕೆ ತುಂಬಬೇಕು. ನಾಟಿಯ ಕಾಲದಲ್ಲಿ ಹೆಣ್ಣುಮಕ್ಕಳು ಹಾಡುತ್ತಿದ್ದ ಪದಗಳು, ಮದುವೆಯ ಸೋಬಾನೆ, ಆಲೆಮನೆಯಲ್ಲಿ ಬೆಲ್ಲದ ಪಾಕದ ಹದ ನೋಡುತ್ತಿದ್ದ ಬಗೆ, ಯಾವ ಗದ್ದೆಗೆ ಯಾವ ಹೆಸರು ಏಕೆ ಬಂತು, ಯಾವ ಮನೆಯವರು ಯಾವ ಊರಿನಿಂದ ಬಂದು ಇಲ್ಲಿ ನೆಲೆಸಿದರು ಎಂಬುದೆಲ್ಲ ಯಾವ ಗ್ರಂಥಾಲಯದಲ್ಲಿಯೂ ಇಲ್ಲ. ಅದು ಇರುವುದು ಜಗುಲಿಯ ಮೇಲೆ ಕುಳಿತ ನಿಮ್ಮ ತಾಯಿಯ, ಅಜ್ಜಿಯ, ದೊಡ್ಡಪ್ಪನ ನೆನಪಿನಲ್ಲಿ. ಒಬ್ಬ ಹಿರಿಯರು ಹೋದರೆ ಅದರಲ್ಲಿ ಒಂದು ಪಾಲು ಅವರೊಡನೆ ಹೋಗುತ್ತದೆ; ಆಮೇಲೆ ಎಷ್ಟು ಬೆಲೆಯ ಯಂತ್ರ ತಂದರೂ ಅದು ಮರಳದು. ಧ್ವನಿಮುದ್ರಣದ ಗುಂಡಿಯನ್ನು ಒತ್ತುವುದನ್ನು ಅವರಿಗೆ ಕಲಿಸಿರಿ. ಹಾಡಿದ್ದನ್ನು ಅವರೇ ಮತ್ತೆ ಕೇಳಲಿ. ತಮ್ಮ ದನಿಯನ್ನು ತಾವೇ ಕೇಳಿದವರಿಗೆ ಯಂತ್ರದ ಭಯ ತಾನಾಗಿಯೇ ಬಿಟ್ಟುಹೋಗುತ್ತದೆ.

ಫೋನೇ ಸಾಲದೆ, ಟ್ಯಾಬೇಕೆ ಎಂದು ಕೆಲವರು ಕೇಳಬಹುದು. ಇರುವವರಿಗೆ ಫೋನೂ ಸಾಕು; ಮೇಲೆ ಹೇಳಿದ ಬಹುಪಾಲು ಅದರಲ್ಲಿಯೂ ಆಗುತ್ತದೆ. ಮಂಜಾದ ಕಣ್ಣಿಗೂ ನಡುಗುವ ಬೆರಳಿಗೂ ಅಗಲವಾದ ಪರದೆ ಅನುಕೂಲವೆಂಬುದಷ್ಟೇ ಟ್ಯಾಬಿನ ಹೆಚ್ಚುಗಾರಿಕೆ. ಟ್ಯಾಬು ಇಲ್ಲದವರು ಹೊಸದನ್ನು ಕೊಳ್ಳಲೇಬೇಕೆಂದು ನಾನು ಹೇಳುತ್ತಿಲ್ಲ. ಬೀರುವಿನಲ್ಲಿರುವುದನ್ನು ಹೊರತೆಗೆಯಿರಿ ಎನ್ನುತ್ತಿದ್ದೇನೆ.

ನನ್ನಲ್ಲಿ ಓದಿದವರಲ್ಲಿ, ನನ್ನ ಬಂಧುಬಳಗದಲ್ಲಿ, ಗಣಕದ ಕೆಲಸದಿಂದಲೇ ಅನ್ನ ಸಂಪಾದಿಸುತ್ತಿರುವವರು ಬಹಳ ಮಂದಿ ಇದ್ದೀರಿ. ಮುಂದಿನ ಹಬ್ಬಕ್ಕೆ ಊರಿಗೆ ಬಂದಾಗ ಒಂದು ಮಧ್ಯಾಹ್ನವನ್ನು ಇದಕ್ಕಾಗಿ ಮೀಸಲಿಡಿರಿ. ಹೇಳಿಕೊಡುವಾಗ ಯಂತ್ರವನ್ನು ಅವರ ಕೈಯಿಂದ ಕಸಿದುಕೊಂಡು "ಕೊಡಿ, ನಾನೇ ಮಾಡುತ್ತೇನೆ" ಎನ್ನಬೇಡಿರಿ. ಅವರ ಬೆರಳೇ ಒತ್ತಲಿ, ತಪ್ಪಲಿ, ಮತ್ತೆ ಒತ್ತಲಿ. ನಿಮ್ಮ ಕೈಹಿಡಿದು ಅಕ್ಷರ ತಿದ್ದಿಸಿದವರು ನೀವು ಎಷ್ಟು ಸಲ ತಪ್ಪಿದಿರೆಂದು ಲೆಕ್ಕವಿಟ್ಟಿರಲಿಲ್ಲ.