ಮರಳಿದ ಚೆಕ್ಕಿನ ದಂಡಕ್ಕೆ ಮಿತಿ ಎಲ್ಲಿ?

ಮುಂಬೈಯಲ್ಲೋ ಪುಣೆಯಲ್ಲೋ ಬಾಡಿಗೆ ಮನೆ ಹಿಡಿಯುವವರು ಹನ್ನೊಂದು ತಿಂಗಳ ಕರಾರಿನ ಜೊತೆಗೆ ಮುಂದಿನ ತಾರೀಖಿನ ಚೆಕ್ಕುಗಳನ್ನೂ ಮಾಲೀಕರಿಗೆ ಕೊಡುವುದು ಇಂದಿಗೂ ಉಂಟು. ಸಂಬಳ ಒಂದು ದಿನ ತಡವಾಗಿ, ಖಾತೆಯಲ್ಲಿ ಇನ್ನೂರು ರೂಪಾಯಿ ಕಡಿಮೆ ಬಿದ್ದರೆ ಚೆಕ್ಕು ಮರಳುತ್ತದೆ. ಹಲವು ಬ್ಯಾಂಕುಗಳ ದರಪಟ್ಟಿಯಂತೆ ಬಾಡಿಗೆದಾರನ ಖಾತೆಯಿಂದ 300ರಿಂದ 500 ರೂಪಾಯಿ ಹೋಗುತ್ತದೆ. ಚೆಕ್ಕು ಜಮಾ ಮಾಡಿದ ತಪ್ಪಿಗೆ ಮಾಲೀಕನ ಖಾತೆಗೂ ಕತ್ತರಿ ಬೀಳುವುದುಂಟು. ಕೊರತೆಗಿಂತ ದಂಡವೇ ದೊಡ್ಡದು. ಭಾರತದಲ್ಲಿ ಈ ಶುಲ್ಕ ಇಷ್ಟು ರೂಪಾಯಿ ಮೀರಬಾರದು ಎಂಬ ನಿಯಮವೇ ಇಲ್ಲ.

ಮೊದಲು ಹೀಗಿರಲಿಲ್ಲ. ಬ್ಯಾಂಕುಗಳ ಸೇವಾ ಶುಲ್ಕಕ್ಕೆ ಇಂಡಿಯನ್ ಬ್ಯಾಂಕ್ಸ್ ಅಸೋಸಿಯೇಷನ್ ಒಂದು ಮಾನದಂಡ ಗೊತ್ತುಮಾಡುತ್ತಿತ್ತು. 1999ರಲ್ಲಿ ಆ ಪದ್ಧತಿ ನಿಂತಿತು. ಶುಲ್ಕ ನಿಗದಿ ಆಯಾ ಬ್ಯಾಂಕಿನ ಆಡಳಿತ ಮಂಡಳಿಗೆ ಬಿಟ್ಟದ್ದಾಯಿತು. ದರ ನ್ಯಾಯಸಮ್ಮತವಾಗಿರಬೇಕು, ಸೇವೆಯ ಸರಾಸರಿ ವೆಚ್ಚಕ್ಕೆ ಹೊಂದಿಕೊಂಡಿರಬೇಕು ಎಂದು ರಿಸರ್ವ್ ಬ್ಯಾಂಕ್ ಹೇಳಿತು. ಅಂಕಿ ಹೇಳಲಿಲ್ಲ. ಪೈಪೋಟಿಯಿಂದ ದರ ತಾನಾಗಿ ಇಳಿಯುತ್ತದೆಂಬ ನಂಬಿಕೆ ಇಲ್ಲಿ ನಡೆಯದು. ಚೆಕ್ ಬೌನ್ಸಿನ ಶುಲ್ಕ ಎಲ್ಲಿ ಕಡಿಮೆ ಎಂದು ವಿಚಾರಿಸಿ ಖಾತೆ ತೆರೆಯುವವರು ಯಾರೂ ಇಲ್ಲ.

ಮೂಲ ಪ್ರಶ್ನೆ ಬೇರೆಯೇ ಇದೆ. ಇದು ಸೇವೆಯ ಬೆಲೆಯೋ, ದಂಡವೋ? ಇದಕ್ಕೆ ಸರ್ಕಾರವೇ ಉತ್ತರ ಕೊಟ್ಟಿದೆ. 2022ರ ಆಗಸ್ಟಿನ ಜಿಎಸ್‌ಟಿ ಸುತ್ತೋಲೆಯ ಪ್ರಕಾರ, ಚೆಕ್ ಅಮಾನ್ಯವಾದಾಗ ಬ್ಯಾಂಕು ವಿಧಿಸುವ ದಂಡ ಯಾವ ಸೇವೆಗೂ ಕೊಡುವ ಪ್ರತಿಫಲವಲ್ಲ. ಅಂಥ ನಡತೆಯನ್ನು ತಡೆಯಲು ಹಾಕುವ ಶಿಕ್ಷೆ. ಆದ್ದರಿಂದ ಅದಕ್ಕೆ ತೆರಿಗೆಯಿಲ್ಲ. ಸೇವೆಯೇ ಅಲ್ಲವೆಂದ ಮೇಲೆ, ಸೇವೆಯ ದರ ಗೊತ್ತುಮಾಡಿಕೊಳ್ಳಲು ಸಿಕ್ಕ ಸ್ವಾತಂತ್ರ್ಯವನ್ನು ಇಲ್ಲಿಗೆ ಎಳೆದು ತರುವುದು ಹೇಗೆ? ದಂಡ ಹಾಕುವವನೇ ಅದರ ಮೊತ್ತ ಬರೆದುಕೊಂಡು, ತಾನೇ ವಸೂಲಿ ಮಾಡಿ, ತನ್ನ ಲಾಭಕ್ಕೆ ಸೇರಿಸಿಕೊಳ್ಳುವುದು ಯಾವ ನ್ಯಾಯ?

ದಂಡಕ್ಕೆ ಅಳತೆ ಬೇಕೆಂಬುದು ನಮ್ಮ ಕಾನೂನಿಗೆ ಹೊಸತಲ್ಲ. 1872ರ ಕರಾರು ಕಾಯ್ದೆಯ 74ನೇ ಕಲಮಿನಂತೆ, ಒಪ್ಪಂದದಲ್ಲಿ ಎಷ್ಟೇ ದಂಡ ಬರೆದಿದ್ದರೂ ಸಿಗುವುದು ನ್ಯಾಯಸಮ್ಮತ ಪರಿಹಾರ ಮಾತ್ರ. ಕನಿಷ್ಠ ಶಿಲ್ಕು ಇಲ್ಲದ ಉಳಿತಾಯ ಖಾತೆಗೆ ಹಾಕುವ ದಂಡ ಕೊರತೆಯ ಮೊತ್ತಕ್ಕೆ ತಕ್ಕಂತಿರಬೇಕು, ಅದರಿಂದ ಖಾತೆ ಋಣಕ್ಕೆ ಇಳಿಯಬಾರದು ಎಂಬ ನಿಯಮ 2015ರ ಏಪ್ರಿಲ್‌ನಿಂದಲೇ ಇದೆ. ಸಾಲದ ಮೇಲಿನ ದಂಡ ಶುಲ್ಕ ಆದಾಯ ಹೆಚ್ಚಿಸಿಕೊಳ್ಳುವ ಸಾಧನವಾಗಬಾರದು ಎಂದು ರಿಸರ್ವ್ ಬ್ಯಾಂಕ್ 2023ರಲ್ಲಿ ಖಡಕ್ಕಾಗಿ ಹೇಳಿತು. ಈ ಮಾತು ಮರಳಿದ ಚೆಕ್ಕಿಗೆ ಏಕೆ ಸಲ್ಲಬಾರದು?

ಶುಲ್ಕ ಇಳಿಸಿದರೆ ಜನ ಬೇಕಾಬಿಟ್ಟಿ ಚೆಕ್ಕು ಬರೆಯುತ್ತಾರೆ ಎಂಬುದು ಬ್ಯಾಂಕುಗಳ ಪರ ವಾದ. ಚೆಕ್ಕಿನ ಮೇಲಿನ ನಂಬಿಕೆ ಉಳಿಯಬೇಕೆಂಬುದು ಸರಿಯೇ. ಆದರೆ ಆ ಕೆಲಸಕ್ಕೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 138ನೇ ಕಲಮು ಇದೆ. ನೋಟಿಸು ಕೊಟ್ಟು 15 ದಿನವಾದರೂ ಹಣ ಬಾರದಿದ್ದರೆ ಮೊಕದ್ದಮೆ ಹೂಡಬಹುದು. ಎರಡು ವರ್ಷದವರೆಗೆ ಜೈಲು, ಚೆಕ್ ಮೊತ್ತದ ಎರಡು ಪಟ್ಟಿನವರೆಗೆ ಜುಲ್ಮಾನೆ. ವಂಚಕನಿಗೆ ಅಂಜಿಕೆ ಇರಬೇಕಾದದ್ದು ಅದರದ್ದು. ಕೋಟಿ ರೂಪಾಯಿಯ ಚೆಕ್ಕು ಬರೆದು ಕೈಕೊಡುವವನಿಗೆ ಐನೂರು ರೂಪಾಯಿ ಯಾವ ಲೆಕ್ಕ? ಅದು ನೋಯಿಸುವುದು ತಿಂಗಳ ಕೊನೆ ಎಣಿಸುವವನನ್ನು. ಸಾಲದ ಕಂತು ತಪ್ಪಿದಾಗಲಂತೂ ಖಾತೆಯ ಬ್ಯಾಂಕು ಒಂದು ಶುಲ್ಕ, ಸಾಲ ಕೊಟ್ಟ ಸಂಸ್ಥೆ ಇನ್ನೊಂದು ಶುಲ್ಕ ಹಾಕುತ್ತವೆ. ಒಂದೇ ತಪ್ಪಿಗೆ ಎರಡು ಬರೆ.

ವೆಚ್ಚದ ನೆಪವೂ ದೊಡ್ಡದಲ್ಲ. ಈಗ ಬ್ಯಾಂಕುಗಳ ನಡುವೆ ಓಡಾಡುವುದು ಚೆಕ್ಕಿನ ಚಿತ್ರ, ಕಾಗದವಲ್ಲ. 2025ರ ಅಕ್ಟೋಬರ್ 4ರಿಂದ ಚೆಕ್ಕುಗಳು ಅಂದಂದೇ ಇತ್ಯರ್ಥವಾಗುತ್ತಿವೆ. ಬ್ಯಾಂಕಿನ ಕೆಲಸ ಚುರುಕಾಯಿತು, ಗ್ರಾಹಕ ಹಣ ಹೊಂದಿಸಲು ಇದ್ದ ಒಂದು ದಿನದ ಬಿಡುವೂ ಹೋಯಿತು.

ಮಿತಿ ಹಾಕುವುದು ರಿಸರ್ವ್ ಬ್ಯಾಂಕಿಗೆ ಆಗದ ಕೆಲಸವಲ್ಲ. ಉಚಿತ ಸಂಖ್ಯೆ ಮುಗಿದ ಮೇಲಿನ ಎಟಿಎಂ ವಹಿವಾಟಿಗೆ 23 ರೂಪಾಯಿಗಿಂತ ಹೆಚ್ಚು ಪಡೆಯಬಾರದೆಂದು ಅದು 2025ರ ಮೇ 1ರಿಂದ ಕಟ್ಟು ಹಾಕಿದೆ. ಇಲ್ಲಿಯೂ ನಾಲ್ಕು ಸಾಲಿನ ಆದೇಶ ಸಾಕು. ದಂಡ ಕೊರತೆಯ ಮೊತ್ತಕ್ಕೆ ತಕ್ಕಂತಿರಲಿ, ಅದಕ್ಕೊಂದು ಗರಿಷ್ಠ ಅಂಕಿ ಇರಲಿ. ಒಂದೇ ಚೆಕ್ಕು ಎಷ್ಟು ಸಲ ಮರಳಿದರೂ ದಂಡ ಒಂದೇ ಸಲ ಬೀಳಲಿ. ದಂಡದಿಂದ ಖಾತೆ ಋಣಕ್ಕೆ ಇಳಿಯದಿರಲಿ. ಚೆಕ್ಕು ಪಡೆದವನಿಂದ ಬಿಡಿಗಾಸೂ ಬೇಡ. ಗ್ರಾಹಕನ ತಪ್ಪಿದ್ದರೆ ಮಾತ್ರ ಶುಲ್ಕ ಎಂದು ರಿಸರ್ವ್ ಬ್ಯಾಂಕೇ ಹೇಳಿರುವಾಗ, ಕೈಗೆ ಬರಬೇಕಾದ ಹಣ ಬಾರದೆ ಕುಳಿತವನ ತಪ್ಪಾದರೂ ಏನು?