ಎಣ್ಣೆ ಗಿರಣಿಯೂರಿನ ಕಿವಿಗಳು
ತಾಲ್ಲೂಕು ಕೇಂದ್ರವಾದ ಚಳ್ಳಕೆರೆ ಶೇಂಗಾ ಎಣ್ಣೆ ಗಿರಣಿಗಳಿಂದ ಹೆಸರಾದ ಊರು. ಅಲ್ಲಿ ಎಣ್ಣೆಯ ಧಾರಣೆಯಷ್ಟೇ ದುಡಿಯುವವರ ಕಿವಿಯ ಮಾತೂ ನಡೆಯಬೇಕು. ಗಿರಣಿಯ ಯಂತ್ರಗಳೆದುರು 85 ಡೆಸಿಬೆಲ್ ಮೀರಿದ ಸದ್ದಿನಲ್ಲಿ ದಿನಕ್ಕೆ 8 ಗಂಟೆಯಂತೆ ವರ್ಷಗಟ್ಟಲೆ ನಿಂತರೆ ಒಳಕಿವಿಯ ಸೂಕ್ಷ್ಮ ರೋಮಕೋಶಗಳು ಸಾಯುತ್ತವೆ; ಸತ್ತವು ಮತ್ತೆ ಹುಟ್ಟವು. ಮೊದಲು ಮಸುಕಾಗುವುದು ಕೀರಲು ದನಿಗಳು, ಮಾತಿನಲ್ಲಿ ಸಕಾರ ಶಕಾರಗಳು. ‘ಕೇಳಿಸುತ್ತೆ, ಆದರೆ ಏನಂದರೋ ತಿಳಿಯಲ್ಲ’ ಎಂಬ ದೂರು ಹುಟ್ಟುವುದು ಹೀಗೆ. ಹತ್ತಿಯುಂಡೆ ತುರುಕಿದರೆ ಸಾಲದು, ಸರಿಯಾಗಿ ಕೂರುವ ಇಯರ್‌ಪ್ಲಗ್ಗೇ ಬೇಕು. ಆಗಲೇ ಕಿವಿ ಮಂದವಾದವರಿಗೆ 1965ರಲ್ಲಿ ಶುರುವಾದ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ಪರೀಕ್ಷಿಸಿ, ಶ್ರವಣಸಾಧನ ಹೊಂದಿಸಿಕೊಡುತ್ತಾರೆ. ಹಾಕಿಕೊಂಡ ಮೊದಲ ದಿನಗಳಲ್ಲಿ ಪಾತ್ರೆಯ ಸದ್ದೂ ಬಡಿದಂತಾಗುತ್ತದೆ. ಬೇಸತ್ತು ಪೆಟ್ಟಿಗೆಗೆ ಸೇರಿಸಿದರೆ ನಷ್ಟ. ಮೊದಲು ಮನೆಯೊಳಗೆ ಸ್ವಲ್ಪ ಹೊತ್ತು, ಆಮೇಲೆ ಸಂತೆಯಲ್ಲಿ ಬಳಸಿದರೆ ಮಿದುಳು ಕೆಲವು ವಾರಗಳಲ್ಲಿ ಒಗ್ಗಿಕೊಳ್ಳುತ್ತದೆ.