ಮರ ನೆಟ್ಟರೆ ಬೋರ್‌ವೆಲ್ ತುಂಬುತ್ತದೆಯೇ? ಹಳ್ಳಗಳನ್ನು ಅಳೆದ ಸಂಶೋಧನೆಗಳು ಹೇಳುವುದೇನು?

ಮಳೆಗಾಲ ಶುರುವಾದರೆ ಸಾಕು, ನಮ್ಮ ಮೊಬೈಲ್‌ಗಳಿಗೆ ಎರಡು ಬಗೆಯ ಫಾರ್ವರ್ಡ್‌ಗಳು ಬರುತ್ತವೆ. ‘ಮರ ನೆಡಿ, ಬತ್ತಿದ ಬೋರ್‌ವೆಲ್ ತಾನಾಗಿಯೇ ತುಂಬುತ್ತದೆ’ ಎನ್ನುವುದು ಒಂದು. ‘ಮರಗಳು ಅಂತರ್ಜಲವನ್ನೆಲ್ಲ ಕುಡಿದುಬಿಡುತ್ತವೆ, ವಿಶ್ವವಿದ್ಯಾಲಯದ ಸಂಶೋಧನೆಯಿಂದ ಸಾಬೀತು’ ಎನ್ನುವುದು ಇನ್ನೊಂದು. ಒಂದೇ ಗ್ರೂಪಿನಲ್ಲಿ ಎರಡನ್ನೂ ಹಂಚುವವರಿದ್ದಾರೆ. ಇವುಗಳಲ್ಲಿ ಯಾವುದು ನಿಜ?

ಎರಡರಲ್ಲೂ ಸ್ವಲ್ಪ ಸ್ವಲ್ಪ ನಿಜವಿದೆ. ಆದರೆ ಯಾವುದನ್ನೂ ಎಲ್ಲ ಊರಿಗೂ ಅನ್ವಯಿಸುವ ಹಾಗಿಲ್ಲ. ಏಕೆಂದು ತಿಳಿಯಬೇಕಾದರೆ ಸಂಶೋಧಕರು ಒಂದು ಹಳ್ಳವನ್ನು ಹೇಗೆ ಅಳೆಯುತ್ತಾರೆ ಎಂಬುದನ್ನು ಮೊದಲು ನೋಡಬೇಕು.

ಜಲಾನಯನ ಎಂದರೇನು?

ಮನೆಯ ಹೆಂಚಿನ ಮಾಡನ್ನು ನೆನಪಿಸಿಕೊಳ್ಳಿ. ಮಾಡಿನ ಒಂದು ಬದಿಗೆ ಬಿದ್ದ ಮಳೆಯೆಲ್ಲ ಒಂದೇ ದೋಣಿಯಲ್ಲಿ ಸೇರಿ ಇಳಿಯುತ್ತದೆ. ಗುಡ್ಡಗಳ ನಡುವಿನ ಒಂದು ಹಳ್ಳಕ್ಕೆ ಎಲ್ಲೆಲ್ಲಿಂದ ನೀರು ಇಳಿದು ಬರುತ್ತದೆಯೋ ಅಷ್ಟೂ ಜಾಗ ಆ ಹಳ್ಳದ ಜಲಾನಯನ. ಅದು ಹತ್ತು ಎಕರೆ ಇರಬಹುದು, ಕಾವೇರಿಯಂತೆ ಹಲವು ಜಿಲ್ಲೆಗಳಷ್ಟೂ ಇರಬಹುದು.

ಲೆಕ್ಕ ಮನೆಯ ಜಮಾ ಖರ್ಚಿನ ಹಾಗೆಯೇ. ಮಳೆ ಜಮಾ. ಹಳ್ಳದಲ್ಲಿ ಹರಿದು ಹೋದದ್ದು, ಮರ ಮತ್ತು ಮಣ್ಣಿನಿಂದ ಆವಿಯಾಗಿ ಹೋದದ್ದು ಖರ್ಚು. ನೆಲದಾಳಕ್ಕೆ ಇಳಿದದ್ದು ಉಳಿತಾಯ. ಬೋರ್‌ವೆಲ್‌ಗೆ ಸಿಗುವುದು ಈ ಉಳಿತಾಯ ಮಾತ್ರ.

ಈ ಲೆಕ್ಕ ಬರೆಯುವ ದಿನನಿತ್ಯದ ಕೆಲಸದಲ್ಲಿ ದೊಡ್ಡ ಪಾಲು ಸಂಶೋಧನಾ ವಿದ್ಯಾರ್ಥಿಗಳದು ಮತ್ತು ಸ್ಥಳೀಯ ಸಹಾಯಕರದು. ಹಳ್ಳಕ್ಕೆ ಅಡ್ಡಲಾಗಿ ಇಂಗ್ಲಿಷಿನ ‘ವಿ’ ಅಕ್ಷರದ ಆಕಾರದ ಕಂಡಿಯಿರುವ ಚಿಕ್ಕ ಕಟ್ಟೆ ಕಟ್ಟುತ್ತಾರೆ. ಕಂಡಿಯಲ್ಲಿ ನೀರು ಎಷ್ಟು ಎತ್ತರ ಏರಿದೆ ಎಂದು ನೋಡಿದರೆ ಸೆಕೆಂಡಿಗೆ ಎಷ್ಟು ಲೀಟರ್ ಹರಿಯುತ್ತಿದೆ ಎಂದು ಲೆಕ್ಕ ಹಾಕಬಹುದು. ಜೊತೆಗೆ ಮಳೆಮಾಪಕಗಳು ಮತ್ತು ಅಂತರ್ಜಲದ ಮಟ್ಟ ನೋಡಲು ಕೊರೆದ ಕೊಳವೆಗಳು ಇರುತ್ತವೆ. ಮಳೆ ಜೋರಾದ ರಾತ್ರಿಯಲ್ಲೇ ಕಂಡಿಗೆ ಕಸ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆಯದಿದ್ದರೆ ಆ ದಿನದ ಲೆಕ್ಕ ತಪ್ಪುತ್ತದೆ.

ಮರ ಕಡಿದಾಗ ಹಳ್ಳದ ನೀರು ಹೆಚ್ಚಾಯಿತು, ಆದರೆ...

ಈ ಬಗೆಯ ಸಂಶೋಧನೆಗೆ ಜಗತ್ತಿನಲ್ಲೇ ಹೆಸರಾದ ಜಾಗಗಳಲ್ಲಿ ಒಂದು ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬ್ಬರ್ಡ್ ಬ್ರೂಕ್ ಕಾಡು. 1955ರಲ್ಲಿ ಅಲ್ಲಿನ ಅರಣ್ಯ ಸೇವೆ ಇದನ್ನು ಪ್ರಯೋಗಕ್ಕೆಂದು ಮೀಸಲಿಟ್ಟಿತು. 1963ರಲ್ಲಿ ಡಾರ್ಟ್‌ಮತ್ ಕಾಲೇಜಿನ ಅಧ್ಯಾಪಕರಾದ ಹರ್ಬರ್ಟ್ ಬೋರ್ಮನ್, ಜೀನ್ ಲೈಕೆನ್ಸ್ ಮತ್ತು ಸಂಗಡಿಗರು ಅಲ್ಲಿನ ಮಳೆ ಮತ್ತು ಹಳ್ಳದ ನೀರಿನ ರಾಸಾಯನಿಕ ಲೆಕ್ಕ ಇಡತೊಡಗಿದರು. ಆಮೇಲೆ ಹಲವು ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ತಲೆಮಾರಿನಿಂದ ತಲೆಮಾರಿಗೆ ಅದೇ ಹಳ್ಳಗಳಲ್ಲಿ ಕೆಲಸ ಕಲಿತಿದ್ದಾರೆ.

1965ರ ಚಳಿಗಾಲದಲ್ಲಿ ಸುಮಾರು 15.6 ಹೆಕ್ಟೇರಿನ ಒಂದು ಜಲಾನಯನದ ಮರಗಳನ್ನು ಪೂರ್ತಿ ಕಡಿದರು. ಮುಂದಿನ ಮೂರು ಬೇಸಿಗೆ ಕಳೆನಾಶಕ ಸಿಂಪಡಿಸಿ ಗಿಡ ಚಿಗುರದಂತೆ ತಡೆದರು. ಹಳ್ಳದ ಹರಿವು ಮೊದಲ ವರ್ಷ ಸುಮಾರು ಶೇ. 39ರಷ್ಟು, ಎರಡನೆಯ ವರ್ಷ ಸುಮಾರು ಶೇ. 28ರಷ್ಟು ಹೆಚ್ಚಾಯಿತು. ಮರಗಳು ಕುಡಿಯುತ್ತಿದ್ದ ನೀರು ಹಳ್ಳಕ್ಕೆ ಬಂತು.

ಫಾರ್ವರ್ಡ್ ಬರೆಯುವವರು ಇಲ್ಲಿಗೇ ನಿಲ್ಲುತ್ತಾರೆ. ಸಂಶೋಧಕರು ನಿಲ್ಲಲಿಲ್ಲ, ಆ ನೀರಿನಲ್ಲಿ ಏನಿದೆ ಎಂದೂ ನೋಡಿದರು. ಮಣ್ಣಿನ ಪೋಷಕಾಂಶಗಳು ತೊಳೆದು ಹೋಗುತ್ತಿದ್ದವು. ನೈಟ್ರೇಟ್ ಪ್ರಮಾಣ ಕುಡಿಯುವ ನೀರಿಗೆ ನಿಗದಿಯಾದ ಮಿತಿಯನ್ನೇ ದಾಟಿತ್ತು. ನೀರು ಹೆಚ್ಚಾಗಿತ್ತು, ಆದರೆ ಕುಡಿಯಲು ಯೋಗ್ಯವಾಗಿರಲಿಲ್ಲ.

ಬಂಡೀಪುರದ ಮೂಲೆಹೊಳೆ

ಈಗ ನಮ್ಮ ಕಡೆಗೆ ಬರೋಣ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸಿನ ಸಂಶೋಧಕರು ಬಂಡೀಪುರದ ಮೂಲೆಹೊಳೆಯಲ್ಲಿ ಇಂಥದೇ ಲೆಕ್ಕ ಇಟ್ಟರು. ಅದು ತೇಗ, ಮತ್ತಿ, ದಿಂಡಿಗ ಮರಗಳ ಎಲೆ ಉದುರುವ ಕಾಡು. ಜಲಾನಯನದ ವಿಸ್ತೀರ್ಣ ಸುಮಾರು 4 ಚದರ ಕಿ.ಮೀ.

ಅಂತರ್ಜಲಕ್ಕೆ ಎಷ್ಟು ಇಳಿಯಿತು ಎಂದು ತಿಳಿಯಲು ಅವರು ಬಳಸಿದ ವಿಧಾನಗಳಲ್ಲಿ ಒಂದು ಉಪ್ಪಿನ ಲೆಕ್ಕ. ಮಳೆನೀರಿನಲ್ಲಿ ಒಂದು ಚೂರು ಕ್ಲೋರೈಡ್ ಇರುತ್ತದೆ. ಬೇರುಗಳು ನೀರನ್ನು ಹೀರಿದರೂ ಕ್ಲೋರೈಡನ್ನು ಬಹುತೇಕ ಮಣ್ಣಿನಲ್ಲೇ ಬಿಡುತ್ತವೆ. ಸಾರು ಕುದಿದು ಇಂಗಿದಷ್ಟೂ ಉಪ್ಪು ಹೆಚ್ಚಾಗುವ ಹಾಗೆ, ನೆಲದಾಳದ ನೀರಿನಲ್ಲಿ ಕ್ಲೋರೈಡ್ ಎಷ್ಟು ಪಟ್ಟು ಹೆಚ್ಚಿದೆ ಎಂದು ನೋಡಿದರೆ ದಾರಿಯಲ್ಲಿ ಎಷ್ಟು ನೀರು ಖರ್ಚಾಯಿತು ಎಂದು ತಿಳಿಯುತ್ತದೆ.

2003ರಿಂದ 2006ರವರೆಗಿನ ಲೆಕ್ಕ ಹೀಗಿತ್ತು: ಬಿದ್ದ ಮಳೆಯಲ್ಲಿ ಶೇ. 80ರಿಂದ 90ರಷ್ಟು, ಅಂದರೆ ವರ್ಷಕ್ಕೆ ಸರಾಸರಿ 1,050 ಮಿ.ಮೀ., ಮರಗಳ ಮೂಲಕ ಮತ್ತು ಆವಿಯಾಗಿ ಆಕಾಶಕ್ಕೆ ಮರಳಿತು. ನೆಲದ ಮೂಲಕ ನೇರವಾಗಿ ಅಂತರ್ಜಲ ಸೇರಿದ್ದು 45 ಮಿ.ಮೀ. ಮಾತ್ರ. ಪ್ರವಾಹದ ಸಮಯದಲ್ಲಿ ಹಳ್ಳದ ತಳದಿಂದ ಇಳಿದದ್ದು ಇನ್ನೊಂದು 30 ಮಿ.ಮೀ. ಒಂದು ಎಕರೆಗೆ ಲೆಕ್ಕ ಹಾಕಿದರೆ, ಆಕಾಶಕ್ಕೆ ಹೋದದ್ದು ಸುಮಾರು 42 ಲಕ್ಷ ಲೀಟರ್, ನೇರವಾಗಿ ನೆಲದಾಳಕ್ಕೆ ಇಳಿದದ್ದು ಸುಮಾರು 1.8 ಲಕ್ಷ ಲೀಟರ್. ಇಂಥ ಮಳೆಯ ಜಾಗದಲ್ಲಿ ದಟ್ಟವಾಗಿ ಮರ ಬೆಳೆಸಿದರೆ ಬೋರ್‌ವೆಲ್ ತಾನಾಗಿಯೇ ತುಂಬುತ್ತದೆ ಎಂದು ಭರವಸೆ ಕೊಡಲು ಆಗುವುದಿಲ್ಲ.

ಮಲೆನಾಡಿನಲ್ಲಿ ಉತ್ತರ ಬೇರೆ

ಹಾಗಾದರೆ ಎರಡನೆಯ ಫಾರ್ವರ್ಡೇ ಸರಿಯೇ? ಅಲ್ಲ. ಪಶ್ಚಿಮ ಘಟ್ಟದ ಮಲೆನಾಡು ಮತ್ತು ಕರಾವಳಿಯಲ್ಲಿ 2003ರಿಂದ 2005ರವರೆಗೆ 7ರಿಂದ 23 ಹೆಕ್ಟೇರ್ ವಿಸ್ತೀರ್ಣದ 11 ಚಿಕ್ಕ ಜಲಾನಯನಗಳನ್ನು ಅಳೆದ ಅಧ್ಯಯನವೊಂದಿದೆ. ಕೆಲವು ನಿತ್ಯಹರಿದ್ವರ್ಣದ ಸಹಜ ಕಾಡು, ಕೆಲವು ಸೊಪ್ಪು ಸೌದೆಗೆ ಬಳಸಿ ಸೊರಗಿದ ಕಾಡು, ಕೆಲವು ಅಕೇಶಿಯಾ ನೆಡುತೋಪು.

ಮಲೆನಾಡಿನಲ್ಲಿ ಮಳೆಗಾಲದ ನೀರಿನಲ್ಲಿ ನೆಲಕ್ಕೆ ಇಂಗಿದ ಪಾಲು ಸಹಜ ಕಾಡಿನಲ್ಲಿ ಶೇ. 61, ಅಕೇಶಿಯಾ ತೋಪಿನಲ್ಲಿ ಶೇ. 55, ಸೊರಗಿದ ಕಾಡಿನಲ್ಲಿ ಕೇವಲ ಶೇ. 36 ಎಂದು ಅಂದಾಜಾಯಿತು. ಕರಾವಳಿಯಲ್ಲಿ ಈ ಅಂಕಿಗಳು ಕ್ರಮವಾಗಿ 50, 46 ಮತ್ತು 35. ಮಳೆ ನಿಂತ ಮೇಲೂ ಹಳ್ಳ ಹೆಚ್ಚು ದಿನ ಹರಿದದ್ದು ಸಹಜ ಕಾಡಿನಲ್ಲೇ.

ಕಾರಣ ಸರಳ. ಮಲೆನಾಡಿನ ಮಳೆಗಾಲದಲ್ಲಿ ಮೋಡ ಕವಿದು ಗಾಳಿಯೇ ತೇವವಾಗಿರುತ್ತದೆ, ಆವಿಯಾಗುವ ನೀರು ಎಲ್ಲ ಕಡೆಯೂ ಕಡಿಮೆ. ಸುರಿದ ಮಳೆ ಮಣ್ಣಿನೊಳಗೆ ಇಳಿಯುತ್ತದೆಯೋ, ಮೇಲಿಂದ ಮೇಲೆ ಹರಿದು ಹೋಗುತ್ತದೆಯೋ ಎಂಬುದೇ ಅಲ್ಲಿ ಮುಖ್ಯ. ಬೇರು, ಎಲೆಗೊಬ್ಬರ, ಎರೆಹುಳು ಇರುವ ಕಾಡಿನ ಮಣ್ಣು ನೀರನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ತುಳಿತಕ್ಕೆ ಗಟ್ಟಿಯಾದ ಬೋಳು ನೆಲ ಬಿಟ್ಟುಕೊಳ್ಳುವುದಿಲ್ಲ. ಕೆಳಗಿನ ಅಡಿಕೆ ತೋಟಕ್ಕೆ, ಗದ್ದೆಗೆ ಬೇಸಿಗೆಯಲ್ಲಿ ನೀರು ಸಿಗುವುದು ಒಳಗೆ ಇಳಿದ ಈ ನೀರಿನಿಂದಲೇ.

‘ಸಂಶೋಧನೆಯಿಂದ ಸಾಬೀತು’ ಎಂದು ಬಂದರೆ

ಒಬ್ಬ ವಿದ್ಯಾರ್ಥಿಯ ಪ್ರಬಂಧಕ್ಕೆ ಸಿಗುವುದು ಸಾಮಾನ್ಯವಾಗಿ ಎರಡು ಮೂರು ಮಳೆಗಾಲ, ಒಂದೆರಡು ಹಳ್ಳ. ಅವುಗಳಲ್ಲಿ ಒಂದು ಬರದ ವರ್ಷವಾದರೆ ಲೆಕ್ಕವೇ ಬದಲಾಗುತ್ತದೆ. ಒಳ್ಳೆಯ ಪ್ರಬಂಧ ಇದನ್ನು ತಾನೇ ಹೇಳಿಕೊಳ್ಳುತ್ತದೆ. ಫಾರ್ವರ್ಡ್ ಆಗುವಾಗ ಆ ಸಾಲು ಬಿಟ್ಟುಹೋಗುತ್ತದೆ, ಹಳ್ಳದ ಹೆಸರೂ ಬಿಟ್ಟುಹೋಗುತ್ತದೆ. ಹಾಗೆಂದು ಇಂಥ ಪ್ರಬಂಧಗಳು ಉಪಯೋಗವಿಲ್ಲದವೇನಲ್ಲ. ಹಬ್ಬರ್ಡ್ ಬ್ರೂಕಿನಲ್ಲಿ ವರ್ಷ ವರ್ಷವೂ ಮಳೆನೀರನ್ನು ಪರೀಕ್ಷಿಸಿದ್ದರಿಂದಲೇ ಉತ್ತರ ಅಮೆರಿಕದ ಆಮ್ಲ ಮಳೆಯ ವಿಷಯ ಹೊರಬಂತು. ಆ ಮಾಹಿತಿ 1990ರಲ್ಲಿ ಅಮೆರಿಕದ ವಾಯುಮಾಲಿನ್ಯ ಕಾನೂನನ್ನು ಬಿಗಿಗೊಳಿಸುವಾಗ ಬಳಕೆಗೆ ಬಂತು.

ಹಾಗಾಗಿ ಮುಂದಿನ ಸಲ ಇಂಥ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ. ಅಳತೆ ಮಾಡಿದ ಜಾಗ ಯಾವುದು, ಅಲ್ಲಿ ಎಷ್ಟು ಮಳೆ? ಎಷ್ಟು ವರ್ಷ ಅಳೆದರು? ಯಾವುದನ್ನು ಯಾವುದರ ಜೊತೆ ಹೋಲಿಸಿದರು? ಮೂರಕ್ಕೂ ಉತ್ತರವಿಲ್ಲದಿದ್ದರೆ ಅದನ್ನು ಮುಂದೆ ಕಳಿಸಬೇಡಿ.

ನಮ್ಮ ತೀರ್ಮಾನ: ‘ಮರ ನೆಟ್ಟರೆ ಬೋರ್‌ವೆಲ್ ತುಂಬುತ್ತದೆ’ ಎನ್ನುವುದು ಅರ್ಧ ಸತ್ಯ. ‘ಮರಗಳಿಂದ ನೀರು ಖಾಲಿ’ ಎನ್ನುವುದೂ ಅರ್ಧ ಸತ್ಯ. ನೆರಳಿಗೆ, ಮಣ್ಣಿಗೆ, ಹಕ್ಕಿಗಳಿಗೆ, ಹಣ್ಣಿಗೆ ಮರ ಬೇಕು, ಖಂಡಿತ ನೆಡಿ. ಇರುವ ಸಹಜ ಕಾಡನ್ನು ಉಳಿಸಿಕೊಳ್ಳುವುದು ಅದಕ್ಕಿಂತ ಮುಖ್ಯ. ಆದರೆ ಮಳೆ ಕಡಿಮೆ ಇರುವ ಊರಿನಲ್ಲಿ ಬೋರ್‌ವೆಲ್ ಭರವಸೆಯ ಮೇಲೆ ಪಂಚಾಯಿತಿಯ ದುಡ್ಡನ್ನೆಲ್ಲ ಒಂದೇ ಜಾತಿಯ ಸಸಿಗೆ ಸುರಿಯುವ ಮೊದಲು, ನಿಮ್ಮ ಹಳ್ಳದ ನೀರನ್ನು ಯಾರಾದರೂ ಅಳೆದಿದ್ದಾರೆಯೇ ಎಂದು ಕೇಳಿ. ಅಳೆದಿಲ್ಲವಾದರೆ ಹತ್ತಿರದ ಕಾಲೇಜಿನ ವಿದ್ಯಾರ್ಥಿಗಳನ್ನು ಕರೆಸಿ ಅಳತೆ ಶುರುಮಾಡಬಹುದು.